ಅಂಗಡಿಯಲ್ಲಿ ಏನಂತ ಕೇಳುವುದು

ಜೂನ್ 9, ಸೋಮವಾರ

ಇವತ್ತು ಅಂಗಡಿಯ ಬಾಗಿಲು ತೆಗೆದೆ. ಇದನ್ನು ನಡೆಸುತ್ತಿದ್ದ ನನ್ನ ಹೆಂಡತಿ ಪುಷ್ಪ ತೀರಿಹೋಗಿ ಮೂರು ತಿಂಗಳಾಯಿತು. ತಿಪಟೂರಿನಿಂದ ಮಗಳು ನಯನಾ ಫೋನು ಮಾಡಿದಾಗಲೆಲ್ಲ, “ಯಾರಿಗಾದ್ರೂ ಬಾಡಿಗೆಗೆ ಕೊಟ್ಟುಬಿಡಪ್ಪ” ಎನ್ನುತ್ತಾಳೆ. ಅವಳ ಮಾತು ಸರಿಯೇ. ಬಳೆ, ರಿಬ್ಬನ್ನು, ಕ್ಲಿಪ್ಪು, ಕುಂಕುಮ, ಹೆಂಗಸರ ಒಳಬಟ್ಟೆ. ಅರಸೀಕೆರೆ ಡಿಪೋದ ಬಸ್ಸುಗಳಲ್ಲಿ ಟಿಕೆಟ್ ಹರಿದುಕೊಂಡು ರಿಟೈರ್ ಆದ ಕಂಡಕ್ಟರನಿಗೆ ಇವುಗಳ ನಡುವೆ ಏನು ಕೆಲಸ? ಆದರೆ ಮನೆಯಲ್ಲಿ ಕೂತರೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಇಲ್ಲ. ಇಲ್ಲಾದರೆ ದೇವಸ್ಥಾನದ ರಸ್ತೆ ಕಾಣುತ್ತದೆ. ಬರುತ್ತಿರುವುದು ಬೇಲೂರಿನ ಗಾಡಿಯೋ ಜಾವಗಲ್ಲಿನ ಗಾಡಿಯೋ ಎಂದು ಸದ್ದಿನಲ್ಲೇ ಹೇಳಬಹುದು. ಹೇಳಲು ಪಕ್ಕದಲ್ಲಿ ಯಾರೂ ಇಲ್ಲ ಅಷ್ಟೇ.

ಮೊದಲೆಲ್ಲ ಡ್ಯೂಟಿ ಮುಗಿಸಿ ಬಂದು, ಇವತ್ತು ಬಸ್ಸಿನಲ್ಲಿ ಹೀಗಾಯಿತು, ಹಾಗಾಯಿತು ಎಂದು ಅವಳಿಗೆ ಹೇಳಿದ ಮೇಲೆಯೇ ಊಟ. ಈಗ ಬರೆದಿಟ್ಟು ಉಣ್ಣೋಣ ಎಂದು ಕೂತಿದ್ದೇನೆ.

ಹೆಂಗಸರು ಬಂದರು. ಪ್ರತಿಯೊಬ್ಬರೂ ಒಳಗೆ ಬಗ್ಗಿ ನೋಡಿ, “ಪುಷ್ಪಕ್ಕ…” ಎಂದು ಶುರು ಮಾಡಿ, ನನ್ನ ಮುಖ ಕಂಡು, ಒಂದು ಪಿನ್ನಿನ ಗೊಂಚಲು ಕೊಡಿ ಎಂದು ತೆಗೆದುಕೊಂಡು ಹೋದರು. ಹಳೇಬೀಡಿನ ಹೆಂಗಸರಿಗೆಲ್ಲ ಒಂದೇ ದಿನ ಸೇಫ್ಟಿ ಪಿನ್ನು ಬೇಕಾಗುತ್ತದೆಯೇ? ಅವರಿಗೆ ಬೇಕಾದದ್ದು ಏನೆಂದು ನನಗೂ ಗೊತ್ತು. ಹಿಂದಿನ ಶೆಲ್ಫಿಗೆ ಪುಷ್ಪ ಹಳೇ ಸೀರೆಯ ಪರದೆ ಇಳಿಬಿಟ್ಟಿದ್ದಾಳೆ. ಆ ಐಟಮ್ಮು ಅಲ್ಲಿದೆ. ನಾನು ಯಾವತ್ತೂ ಅಲ್ಲಿಗೆ ಕೈ ಹಾಕಿದವನಲ್ಲ.

ಜೂನ್ 14, ಶನಿವಾರ

ಬಹಳ ದಿನದ ಮೇಲೆ ಬರೆಯುವಂಥದ್ದೊಂದು ನಡೆಯಿತು.

ಶನಿವಾರವಾದ್ದರಿಂದ ದೇವಸ್ಥಾನದ ಮುಂದೆ ಗಾಡಿಗಳೋ ಗಾಡಿಗಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅವರೇ ತಂಡ ಕಟ್ಟಿಕೊಂಡು ಬರುತ್ತಾರೆ. ಮಧ್ಯಾಹ್ನ ಒಬ್ಬಳು ಬಿಳಿ ಹೆಂಗಸು, ಬಿಸಿಲಿಗೆ ಕೆಂಪಗಾಗಿದ್ದಳು, ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೆಲ್ಲಗೆ ಏನೋ ಕೇಳಿದಳು. ‘ಟವೆಲ್’ ಎನ್ನುವುದಷ್ಟೇ ನನ್ನ ಕಿವಿಗೆ ಬಿತ್ತು. ಚೌಕಳಿ ಟವೆಲ್ಲು ತೆಗೆದುಕೊಟ್ಟೆ. ಅಲ್ಲವೆಂದು ತಲೆಯಾಡಿಸಿದಳು. ಚಿಕ್ಕದಾಯಿತೇನೋ ಎಂದು ಟರ್ಕಿ ಟವೆಲ್ಲು ಬಿಚ್ಚಿ ತೋರಿಸಿದೆ. ಆಕೆಗೆ ನಗುವೂ ಬಂತು, ಅಳುವೂ ಬಂತು ಎನ್ನುವಂತಾಯಿತು. “ಸ್ಯಾನಿಟರಿ ಟವೆಲ್” ಎಂದು ಇನ್ನೊಮ್ಮೆ ಹೇಳಿದಳು. ಹಿಂದೆ ನಿಂತಿದ್ದ ಬೆಂಗಳೂರಿನ ಹುಡುಗಿಯೊಬ್ಬಳು, “ಅಂಕಲ್, ಅವ್ರು ಪ್ಯಾಡ್ ಕೇಳ್ತಿದ್ದಾರೆ. ಪ್ಯಾಡ್ಸ್. ನಂಗೂ ಒಂದು ಕೊಡಿ, ಎಕ್ಸ್‌ಎಲ್, ವಿಂಗ್ಸ್ ಇರೋದು” ಎಂದಳು. ಬಿಸ್ಕತ್ತು ಕೇಳುವ ದನಿಯಲ್ಲೇ ಕೇಳಿದಳು. ಎದುರಿನ ಎಳನೀರಿನ ಗಾಡಿಯವರೆಲ್ಲ ತಿರುಗಿ ನೋಡಿದರು.

ಪರದೆ ಸರಿಸಿದೆ. ಪ್ಯಾಕೆಟ್ಟಿನ ಮೇಲೆ ಟವೆಲ್ ಅಂತಲೂ ಇಲ್ಲ, ಪ್ಯಾಡ್ ಅಂತಲೂ ಇಲ್ಲ, ‘ನ್ಯಾಪ್ಕಿನ್’ ಎಂದಿದೆ. ನ್ಯಾಪ್ಕಿನ್ ಅಂದರೆ ಹೋಟೆಲಿನಲ್ಲಿ ಕೈ ಒರೆಸುವುದು ಎಂದೇ ನಾನು ತಿಳಿದಿದ್ದೆ. ಒಂದೇ ವಸ್ತು. ಒಬ್ಬರಿಗೆ ಮೈ ಒರೆಸುವುದು, ಒಬ್ಬರಿಗೆ ಕೈ ಒರೆಸುವುದು, ಇನ್ನೊಬ್ಬರಿಗೆ ಬರೆಯಲು ಇಟ್ಟುಕೊಳ್ಳುವುದು. ಯಾತಕ್ಕೆ ಎಂದು ಒಂದು ಹೆಸರಿನಲ್ಲೂ ಇಲ್ಲ. ಇಂಗ್ಲಿಷಿನವರ ಅಂಗಡಿಯಲ್ಲೂ ಒಂದು ಪರದೆ ಇರಬೇಕು.

ಸಂಜೆ ಹುಲಿಕೆರೆಯ ಅಜ್ಜಿಯೊಬ್ಬರು ಮೊಮ್ಮಗಳಿಗೆ ಎಂದು ಬಂದು, ಆಚೆ ಈಚೆ ನೋಡಿ, “ವಿಸ್ಪರ್ ಐತಾ?” ಎಂದರು. ಅದು ಮುಗಿದಿತ್ತು. ಬೇರೆ ಕಂಪನಿಯದಿದೆ ಎಂದೆ. “ಯಾವ್ದೋ ಒಂದು ವಿಸ್ಪರ್ರು ಕೊಡಪ್ಪ” ಎಂದರು.

ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರಿಗೆ ಹಾಕಿ ಕೊಟ್ಟೆ. ಪುಷ್ಪ ಹಾಗೆಯೇ ಕೊಡುತ್ತಿದ್ದಳು. ಟರ್ಕಿ ಟವೆಲ್ಲಿನ ಕಥೆ ಕೇಳಿದ್ದರೆ ಅವಳು ಸೆರಗು ಬಾಯಿಗೆ ಹಿಡಿದುಕೊಂಡು ನಗುತ್ತಿದ್ದಳು.

ಜೂನ್ 17, ಮಂಗಳವಾರ

ಜಿಟಿಜಿಟಿ ಮಳೆ. ಯಾರೂ ಬರಲಿಲ್ಲ. ಬೆಳಗಿನ ಮುದ್ದೆಯೇ ರಾತ್ರಿಗೂ ಆಯಿತು.

ಜೂನ್ 26, ಗುರುವಾರ

ಎದುರಿಗೆ ಎಳನೀರು ಮಾರುವ ಚಲುವಮ್ಮನ ವಿಷಯ ಬರೆಯಬೇಕು. ಹುಲಿಕೆರೆಯವಳು. ಗಂಡ ಜವರಣ್ಣ ಗೂಡ್ಸ್ ಆಟೋದಲ್ಲಿ ಕಾಯಿ ತಂದು ಇಳಿಸಿ ಹೋಗುತ್ತಾನೆ, ಕೊಚ್ಚಿ ಕೊಡುವುದು ಇವಳು. ಪುಷ್ಪನ ಜೊತೆ ಬಹಳ ಬಳಕೆ. ಗಿರಾಕಿ ಇಲ್ಲದಾಗ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು ಇಬ್ಬರೂ ಹರಟುತ್ತಿದ್ದರಂತೆ. ಮೂರೇ ಏಟಿಗೆ ಕಾಯಿಯ ಬಾಯಿ ತೆಗೆಯುತ್ತಿದ್ದ ಕೈ. ಇವತ್ತು ಮಚ್ಚು ಎತ್ತಿದವಳು ಹಾಗೇ ಇಳಿಸಿ, ಕಾಯಿಯ ರಾಶಿಗೆ ಒರಗಿ ಕೂತುಬಿಟ್ಟಳು. ಗಿರಾಕಿಯೇ ಮಚ್ಚು ಈಸಿಕೊಂಡು ಕೊಚ್ಚಿಕೊಂಡ.

ಪುಷ್ಪ ಹೋದ ಮೇಲೂ ನನ್ನ ಹತ್ತಿರ ಆ ಪ್ಯಾಕೆಟ್ಟು ಕೇಳಲು ನಾಚದವಳು ಇವಳೊಬ್ಬಳೇ. ಬಾಯಿಬಿಟ್ಟು ಕೇಳುವುದೇನೂ ಇಲ್ಲ. ಬಂದು ಪರದೆಯ ಕಡೆ ಗಲ್ಲ ಎತ್ತುತ್ತಾಳೆ, ನಾನು ದೊಡ್ಡದು ತೆಗೆದುಕೊಡುತ್ತೇನೆ. ಆದರೆ ಅಂಗಡಿ ತೆಗೆದಂದಿನಿಂದ ಅವಳು ಒಯ್ದಷ್ಟು ಊರಿನಲ್ಲಿ ಮತ್ಯಾರೂ ಒಯ್ದಿಲ್ಲ. ಇವತ್ತೂ ಬಂದಳು. ತುಟಿಗೂ ಮುಖಕ್ಕೂ ಒಂದೇ ಬಣ್ಣ. “ಪುಷ್ಪಕ್ಕ ಇದ್ದಿದ್ರೆ…” ಎಂದು ಏನೋ ಹೇಳಲು ಹೋಗಿ, “ಬತ್ತೀನಣ್ಣ” ಎಂದು ಹೊರಟಳು.

ಆ ಬಿಳಿಚು ಮುಖ ನಾನು ಮನೆಯಲ್ಲೇ ನೋಡಿದ್ದೇನೆ. ನಯನಾ ಕಾಲೇಜಿಗೆ ಹೋಗುತ್ತಿದ್ದ ಕಾಲ. ಪುಷ್ಪನಿಗೆ ಮೆಟ್ಟಿಲು ಹತ್ತಲೂ ಆಗದಂತಾಗಿ, ಆಪರೇಷನ್ನೇ ಆಯಿತು. ಹಾಸನದ ಆಸ್ಪತ್ರೆಯ ವರಾಂಡದಲ್ಲಿ ಟವೆಲ್ಲು ಹಾಸಿಕೊಂಡು ಮಲಗುತ್ತಿದ್ದೆ. ಡಿಪೋದಲ್ಲಿ ಕೇಳಿದವರಿಗೆಲ್ಲ ‘ಹೊಟ್ಟೆ ಆಪರೇಷನ್’ ಎಂದೆ. ಅವರೂ ಹೊಟ್ಟೆ ಎಂದೇ ಸುಮ್ಮನಾದರು.

ಚಲುವಮ್ಮನಿಗೂ ಅದೇ ಇರಬಹುದೇ? ನಾನು ಯಾರು ಕೇಳಲು.

ಜುಲೈ 3, ಗುರುವಾರ

ಕೇಳಿಬಿಡೋಣ ಎಂದುಕೊಂಡೆ. ಬೆಳಗಿನಿಂದ ಮಾತು ಜೋಡಿಸಿದೆ. ಬಸ್ಸಿನಲ್ಲಿ ಎಂಥೆಂಥ ಜನವನ್ನು ಮಾತಿನಲ್ಲೇ ಇಳಿಸಿದ್ದೇನೆ, ಹತ್ತಿಸಿದ್ದೇನೆ. ಚಲುವಮ್ಮ ಬಂದು ಗಲ್ಲ ಎತ್ತಿದಳು. ನಾನು ಪ್ಯಾಕೆಟ್ಟು ಕೈಯಲ್ಲಿ ಹಿಡಿದುಕೊಂಡೇ, “ನಿಮ್ಮನೇಲಿ ಹೆಂಗಸ್ರು ಎಷ್ಟು ಜನ ಚಲುವಮ್ಮ?” ಎಂದೆ. ಅಷ್ಟೇ ಬಂದದ್ದು ಬಾಯಿಗೆ.

ಅವಳು ನನ್ನನ್ನೇ ನೋಡಿದಳು. “ಯಾಕಣ್ಣ?”

“ಅಲ್ಲ, ಇಷ್ಟೊಂದು ಒಯ್ತೀಯಲ್ಲ, ಅದಕ್ಕೆ…”

ಪ್ಯಾಕೆಟ್ಟನ್ನು ಅಲ್ಲೇ ಬಿಟ್ಟು ಇಳಿದು ಹೋದಳು.

ಜುಲೈ 4, ಶುಕ್ರವಾರ

ಜವರಣ್ಣ ಬಂದಿದ್ದ. ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ರಸ್ತೆಯಲ್ಲೇ ನಿಂತ. “ಏನ್ ಕಂಡಕ್ಟ್ರೇ, ನಮ್ಮನೆ ಹೆಂಗಸ್ರ ಲೆಕ್ಕ ನಿಮ್ಗ್ಯಾಕೆ? ಹೆಂಡ್ತಿ ಸತ್ತು ವರ್ಷ ತುಂಬಿಲ್ಲ, ಆಗ್ಲೇ ಊರ ಹೆಂಗಸ್ರ ಸುದ್ದಿ ಬೇಕಾಯ್ತಾ?” ಗೈಡುಗಳು, ಆಟೋದವರು, ಎಲ್ಲ ನಿಂತು ಕೇಳಿದರು. ಚಲುವಮ್ಮ ಗಾಡಿಯ ಆಚೆ ಮುಖ ತಿರುಗಿಸಿ ನಿಂತಿದ್ದಳು.

ಶಟರ್ ಎಳೆದು ಬಂದೆ.

ಜುಲೈ 8, ಮಂಗಳವಾರ

ಅಂಗಡಿ ತೆಗೆದಿಲ್ಲ. ಹಾಲಿಗೆ ಎಂದು ಹೊರಗೆ ಹೋದರೆ ಜನ ನೋಡುತ್ತಾರೆ ಎನಿಸುತ್ತದೆ. ನೋಡುತ್ತಾರೋ ಇಲ್ಲವೋ.

ಸಂಜೆ ನಯನಾ ಫೋನು. ಊಟ ಆಯ್ತಾ, ಆಯ್ತು, ಮಳೆನಾ, ಹೂಂ. ಅಲ್ಲಿಗೆ ನಮ್ಮ ಮಾತು ಮುಗಿಯುತ್ತದೆ. ಅಪ್ಪ ಮಗಳ ಮಾತೆಲ್ಲ ಇಷ್ಟು ವರ್ಷ ಅವಳಮ್ಮನ ಮೂಲಕವೇ ಓಡಾಡುತ್ತಿತ್ತು. ಇವತ್ತು ಅವಳು ‘ಫೋನ್ ಇಡ್ಲಾ’ ಎನ್ನುವ ಮೊದಲೇ, ಒಂದು ವಿಷಯ ಕೇಳಬೇಕಿತ್ತು ಎಂದೆ. ಕಣ್ಣು ಮುಚ್ಚಿಕೊಂಡು ಎಲ್ಲ ಹೇಳಿದೆ. ಜವರಣ್ಣ ಬೈದದ್ದನ್ನೂ ಹೇಳಿದೆ.

ಆ ಕಡೆ ಅವಳು ಟೀವಿ ಆರಿಸಿದ್ದು ಕೇಳಿಸಿತು.

“ಅಪ್ಪ, ಅದನ್ನ ಹೆಂಗ್ ಕೇಳ್ಬೇಕು ಅಂತ ನನ್ನ ಕೇಳ್ತಿದ್ದೀಯಾ?” ಎಂದಳು.

“ಹೂಂ. ನಿಮ್ಮಮ್ಮ ಏನಂತ ಕೇಳ್ತಿದ್ಳು?”

“ಮುಟ್ಟು ಅಂತಾನೇ ಕೇಳ್ತಿದ್ಳು. ಮುಟ್ಟು ಸರಿಯಾಗಿ ಆಗ್ತಿದ್ಯೇನೇ, ಜಾಸ್ತಿ ಹೋಗ್ತಿದ್ಯೇನೇ ಅಂತ. ಸೊಸೈಟಿ ಹಾಲು ಬಂತಾ ಅಂತ ಕೇಳಿದ ಹಾಗೆ ಕೇಳೋಳು. ನಾವೇ ಡೇಟು, ಎಮ್‌ಸಿ, ಪೀರಿಯಡ್ಸು ಅಂತ ಏನೇನೋ ಅನ್ನೋದು.” ಆಮೇಲೆ ಮೆಲ್ಲಗೆ ಹೇಳಿದಳು. “ಲೆಕ್ಕ ಕೇಳ್ಬೇಡ ಅಪ್ಪ. ಹೆದರಿಕೆ ಆಗ್ತಿದೆ ನಂಗೆ ನಿನ್ನ ನೋಡಿ ಅಂತ ಹೇಳು. ಅಮ್ಮನಿಗೆ ಆದದ್ದು ಹೇಳು. ಬೈದ್ರೆ ಬೈಲಿ.”

ಇಬ್ಬರೂ ಬಹಳ ಹೊತ್ತು ಫೋನು ಇಡಲಿಲ್ಲ.

ಜುಲೈ 10, ಗುರುವಾರ

ರಸ್ತೆ ದಾಟಿದೆ.

ಜವರಣ್ಣ ಕಾಯಿ ಇಳಿಸುತ್ತಿದ್ದ. ನನ್ನನ್ನು ಕಂಡು ಬೆನ್ನು ನೆಟ್ಟಗೆ ಮಾಡಿದ. “ಬೈಯೋದಿದ್ರೆ ಆಮೇಲೆ ಬೈ ಜವರಣ್ಣ. ಮೊದ್ಲು ಕೇಳಿಸ್ಕೊ” ಎಂದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು. ಚಲುವಮ್ಮನ ಕಡೆ ತಿರುಗಿ, “ಪುಷ್ಪಂಗೂ ಹಿಂಗೇ ಆಗಿತ್ತು ಕಣವ್ವ. ಮುಟ್ಟು ನಿಲ್ತಿರ್ಲಿಲ್ಲ. ಮೈಯಲ್ಲಿರೋ ರಕ್ತ ಎಲ್ಲ ಹೋಗಿ, ಬಿದ್ದೇಬಿಟ್ಲು. ಇನ್ನೊಂದು ವಾರ ಬಿಟ್ಟಿದ್ರೆ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು. ನಿನ್ನ ಮುಖ ನೋಡಿ ಹೆದರಿಕೆ ಆಗ್ತಿದೆ ನಂಗೆ. ಅದಕ್ಕೇ ಕೇಳಿದ್ದು” ಎಂದೆ.

ಜವರಣ್ಣನ ಕೈಯಲ್ಲಿ ಕಾಯಿ ಹಾಗೇ ಇತ್ತು. “ಏನ್ ಕಂಡಕ್ಟ್ರೇ ಇದು… ಏನೇ ಚಲುವಿ?” ಎಂದ. ನನಗೆ ಎಂದು ಶುರು ಮಾಡಿದ್ದು ಹೆಂಡತಿಯ ಕಡೆ ತಿರುಗಿತು.

ಅವಳು ನೆಲ ನೋಡುತ್ತಾ ಹೇಳಿದಳು. “ಯುಗಾದಿ ಆದಾಗಿಂದ ನಿಂತಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ? ದಿನಾ ಒಳಗೇ ಇದ್ಯಲ್ಲೇ?”

“ಅದಕ್ಕೇ ಹೇಳ್ಲಿಲ್ಲ. ಅತ್ತೆಗೆ ಗೊತ್ತಾದ್ರೆ ಜಗಲಿಗೆ ಹಾಕ್ತಾರೆ. ಮೂರು ದಿನ ಆದ್ರೆ ಜಗಲಿ ಮ್ಯಾಲೆ ಕೂರ್ಬೋದು. ಹಗಲೆಲ್ಲ ಇಲ್ಲಿ ನಿಂತು, ರಾತ್ರಿಯೆಲ್ಲ ಅಲ್ಲಿ ಚಳೀಲಿ ಮಲ್ಕೊಂಡು… ಎಷ್ಟು ದಿನ? ಮನೇಲಿ ಮುದ್ದೆ ತಿರುವೋರ್ಯಾರು?” ಅತ್ತೆ ಹನುಮಮ್ಮ ಕೆಟ್ಟವರಲ್ಲ, ನನಗೆ ಗೊತ್ತು. ಅವರ ಅತ್ತೆ ಅವರನ್ನೂ ಕೂರಿಸಿದ್ದರು.

ಜವರಣ್ಣ ಕಾಯಿಯನ್ನು ಕೆಳಗಿಟ್ಟ. ಇಳಿಸಿದ್ದು ಅರ್ಧ, ಗಾಡಿಯಲ್ಲಿದ್ದದ್ದು ಅರ್ಧ. ಹಾಗೆಯೇ ಅವಳನ್ನು ಮುಂದಿನ ಸೀಟಿಗೆ ಹತ್ತಿಸಿದ. ಸ್ಟಾರ್ಟ್ ಮಾಡಿದವನು ಮತ್ತೆ ಆಫ್ ಮಾಡಿ, “ಕಂಡಕ್ಟ್ರೇ, ನೀವೂ ಬನ್ನಿ. ನಂಗೆ ಅಲ್ಲಿ ಮಾತಾಡಕ್ಕೆ ಬರಲ್ಲ” ಎಂದ. ಎಳನೀರಿನ ರಾಶಿಯ ಮೇಲೆ ಕೂತು ಬೇಲೂರಿನವರೆಗೆ ಹೋದೆ. ಈ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೇನೋ. ಇಷ್ಟು ಉದ್ದ ಅನಿಸಿರಲಿಲ್ಲ.

ಜುಲೈ 11, ಶುಕ್ರವಾರ

ನಿನ್ನೆ ಬರೆಯುತ್ತಲೇ ನಿದ್ದೆ ಹತ್ತಿತು. ಉಳಿದದ್ದು ಇವತ್ತು.

ಬೇಲೂರಿನ ಆಸ್ಪತ್ರೆಯ ಚೀಟಿ ಬರೆಯುವ ಹುಡುಗಿ ಏನು ತೊಂದರೆ ಎಂದಳು. ಜವರಣ್ಣ, “ಸುಸ್ತು” ಎಂದ. ನಾನು ಹಿಂದಿನಿಂದ, “ಮೂರು ತಿಂಗ್ಳಿಂದ ಮುಟ್ಟು ನಿಂತಿಲ್ಲಮ್ಮ” ಎಂದೆ. ಸಾಲಿನಲ್ಲಿದ್ದವರು ಕೇಳಿಸಿಕೊಂಡರು. ಕೇಳಿಸಿಕೊಂಡು ಏನೂ ಆಗಲಿಲ್ಲ. ಒಬ್ಬಾಕೆ ಎದ್ದು ಚಲುವಮ್ಮನಿಗೆ ಬೆಂಚು ಬಿಟ್ಟುಕೊಟ್ಟಳು.

ಲೇಡಿ ಡಾಕ್ಟರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ ಕೂಡಲೇ ಗಾಲಿಕುರ್ಚಿ ತರಿಸಿದರು. ದಿನಕ್ಕೆ ಎಷ್ಟು ಪ್ಯಾಡ್ ಬದಲಾಯಿಸ್ತೀರಿ ಎಂದು ಕೇಳಿದರು. ಚಲುವಮ್ಮ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಬಾಯಿ ಬಿಡಲೂ ತ್ರಾಣವಿರಲಿಲ್ಲ. ಜವರಣ್ಣ ನನ್ನ ಕಡೆ ನೋಡಿದ. ಮೊನ್ನೆ ರಸ್ತೆಯಲ್ಲಿ ನಿಂತು ಯಾವ ಲೆಕ್ಕಕ್ಕೆ ಬೈದಿದ್ದನೋ ಅದೇ ಲೆಕ್ಕವನ್ನು, “ಕಂಡಕ್ಟ್ರೇ, ಹೇಳಿ” ಎಂದ. ವಾರಕ್ಕೆ ಎಷ್ಟು ಪ್ಯಾಕೆಟ್ಟು ಕೊಟ್ಟೆ, ಯಾವ ಸೈಜು, ಯಾವಾಗಿನಿಂದ ಜಾಸ್ತಿಯಾಯಿತು, ನೆನಪಿದ್ದಷ್ಟು ಹೇಳಿದೆ. ಡಾಕ್ಟರು ಬರೆದುಕೊಳ್ಳುತ್ತಾ, “ನೀವು ಇವರಿಗೆ ಏನಾಗ್ಬೇಕು?” ಎಂದರು.

“ಅಂಗಡಿಯವನು” ಎಂದೆ.

ರಕ್ತ ಹಾಕಲೇಬೇಕು, ತಡ ಮಾಡುವಂತಿಲ್ಲ ಎಂದು ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಜವರಣ್ಣ ಜೊತೆಗೆ ಹತ್ತಿದ. ಆಟೋ ಆಸ್ಪತ್ರೆಯ ಮುಂದೆಯೇ ನಿಂತಿತು. ನಾನು ಬಸ್ಸಿನಲ್ಲಿ ಹಿಂದಕ್ಕೆ ಬಂದೆ. ಕಂಡಕ್ಟರ್ ಹೊಸ ಹುಡುಗ, ನನ್ನ ಗುರುತಿಲ್ಲ. ಟಿಕೆಟ್ ಕೊಟ್ಟು ಮುಂದೆ ಹೋದ. ಬಸ್ಸು ತುಂಬಾ ಹೆಂಗಸರು. ಇವರಲ್ಲಿ ಎಷ್ಟು ಜನ ಹೀಗೆ ಸೆರಗು ಬಿಗಿದುಕೊಂಡು ಕೂತಿದ್ದಾರೋ ಎಂದು ನೋಡುತ್ತಾ ಬಂದೆ.

ಜುಲೈ 15, ಮಂಗಳವಾರ

ಹಾಸನದಿಂದ ಜವರಣ್ಣನ ಫೋನು. ನಾಲ್ಕು ಬಾಟ್ಲಿ ರಕ್ತ ಹಾಕಿದ್ದಾರಂತೆ. ಗರ್ಭಕೋಶದಲ್ಲಿ ಗಡ್ಡೆ. ಮೈಗೆ ಸ್ವಲ್ಪ ಬಲ ಬಂದ ಮೇಲೆ ಆಪರೇಷನ್. ಆಮೇಲೆ ಪಿಸುದನಿಯಲ್ಲಿ, “ನರ್ಸಮ್ಮ ಅದನ್ನ ತರಕ್ಕೆ ಹೇಳವ್ರೆ. ಮೆಡಿಕಲ್ ಶಾಪಿನ ಮುಂದೆ ನಿಂತಿವ್ನಿ. ಎರಡು ಸಲ ಹೋಗಿ ವಾಪಸ್ ಬಂದೆ. ಅಂಗ್ಡೀಲಿ ಏನಂತ ಕೇಳೋದು?” ಎಂದ.

“ಪ್ಯಾಡು ಅನ್ನು. ದೊಡ್ಡದು, ರೆಕ್ಕೆ ಇರೋದು.”

“ರೆಕ್ಕೆನಾ?”

“ವಿಂಗ್ಸ್ ಅಂತ ಕೇಳು.”

ಫೋನು ಇಡದೆಯೇ ಹೋದ. “ರೀ, ಪ್ಯಾಡ್ ಕೊಡ್ರೀ, ದೊಡ್ಡದು, ವಿಂಗ್ಸು!” ಎಂದು ಕೂಗಿದ್ದು ನನಗೂ ಕೇಳಿಸಿತು. ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿದಂತೆ. ಆ ಕಡೆಯ ಹುಡುಗಿ ಏನೋ ಅಂದಳು. “ಕಂಡಕ್ಟ್ರೇ, ಮೆಟರ್ನಿಟಿನಾ ನಾರ್ಮಲ್ಲಾ ಅಂತವ್ರೆ!”

“ಅದು ನಂಗೂ ಗೊತ್ತಿಲ್ಲ ಕಣಯ್ಯ, ಯಾರಿಗೆ ಏನಾಗಿದೆ ಅಂತ ಅವರಿಗೇ ಹೇಳು” ಎಂದೆ.

ಫೋನಿಟ್ಟ ಮೇಲೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು ಅಡುಗೆಮನೆಯ ಬಾಗಿಲವರೆಗೂ ಹೋದೆ, ಹೇಳಲು. ಬಾಗಿಲಲ್ಲಿ ನಿಂತ ಮೇಲೆ ನೆನಪಾಯಿತು.

ಜುಲೈ 27, ಭಾನುವಾರ

ಊಟ ಸೇರಲಿಲ್ಲ. ನಾಳೆ ಚಲುವಮ್ಮನ ಆಪರೇಷನ್.

ಆಗಸ್ಟ್ 13, ಬುಧವಾರ

ಗಡ್ಡೆಯನ್ನು ಟೆಸ್ಟಿಗೆ ಕಳಿಸಿದ್ದರು, ಕೆಟ್ಟದ್ದೇನೂ ಅಲ್ಲ ಎಂದು ಬಂತು. ಚಲುವಮ್ಮ ಮನೆಯಲ್ಲಿದ್ದಾಳೆ, ಒಳಕೋಣೆಯಲ್ಲಿ, ಮಂಚದ ಮೇಲೆ. ನೋಡಲು ಹೋಗಿದ್ದೆ. ಜವರಣ್ಣ ಮುದ್ದೆ ತಿರುವುತ್ತಿದ್ದ, ಗಂಟುಗಂಟು. ಹನುಮಮ್ಮ ಮಗನ ಕೈಯಿಂದ ಕೋಲು ಕಿತ್ತುಕೊಂಡು ತಾವೇ ಕೂತರು. ನನಗೂ ಬಡಿಸಿದರು. ಹೊರಡುವಾಗ ಬಾಗಿಲವರೆಗೆ ಬಂದು, “ನಂಗೂ ಹಿಂಗೇ ಆಗಿತ್ತಪ್ಪ ಒಂದ್ಸಲ. ಯಾರೂ ಕೇಳ್ಲಿಲ್ಲ, ಅದೇ ನಿಂತ್ಕೊಳ್ತು” ಎಂದರು. ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಪ್ಯಾಡು ಖಾಲಿಯಾಗುತ್ತಾ ಬಂದಿದೆ, ನಾಳೆ ಅರಸೀಕೆರೆಗೆ ಹೋಗಿ ತರಬೇಕು. ಜಾವಗಲ್ಲಿನ ಹೈಸ್ಕೂಲ್ ಹುಡುಗಿಯರು ರಾತ್ರಿಗೆ ಹಾಕುವ ಉದ್ದನೆಯದು ಕೇಳಿದ್ದರು, ಅದೂ ಬೇಕು. ಶೆಲ್ಫಿನ ಪರದೆ ಒಗೆಯಲು ತೆಗೆದದ್ದು, ಹಾಕುವುದೇ ಮರೆತುಹೋಗಿದೆ.

ಸೆಪ್ಟೆಂಬರ್ 10, ಬುಧವಾರ

ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿರುವುದರಿಂದ ಚಲುವಮ್ಮನಿಗೆ ಮಚ್ಚು ಹಿಡಿಯುವಂತಿಲ್ಲ. ಮನೆಯಲ್ಲಿ ಕೂತು ಬೇಜಾರು ಎಂದು ಹಗಲು ಹೊತ್ತು ಅಂಗಡಿಗೆ ಬಂದು ಕೂರುತ್ತಾಳೆ. ಎದುರಿಗೆ ಜವರಣ್ಣನೇ ಕಾಯಿ ಕೊಚ್ಚುತ್ತಾನೆ.

ನಾವಿಬ್ಬರೂ ಹೆಚ್ಚು ಮಾತಾಡುವುದಿಲ್ಲ. ಅವಳಿಗೆ ಪುಷ್ಪನ ಜೊತೆ ರೂಢಿ, ನನಗೆ ಯಾರ ಜೊತೆಯೂ ಈಗ ರೂಢಿ ಇಲ್ಲ. ಇವತ್ತು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಬಳೆಯ ಧೂಳು ಒರೆಸುತ್ತಿದ್ದವಳು ಇದ್ದಕ್ಕಿದ್ದಂತೆ, “ಅಕ್ಕ ನಿಮ್ಮ ವಿಷ್ಯ ಏನಂತಿದ್ರು ಗೊತ್ತಾ ಅಣ್ಣ?” ಎಂದಳು.

ನನಗೆ ಗೊತ್ತಿರಲಿಲ್ಲ. ಪುಷ್ಪ ಈ ಅಂಗಡಿಯಲ್ಲಿ ಕೂತು ನನ್ನ ಬಗ್ಗೆ ಮಾತಾಡುತ್ತಿದ್ದಳು ಎಂಬುದೇ ಗೊತ್ತಿರಲಿಲ್ಲ.

“‘ನಮ್ಮೆಜಮಾನ್ರು ಬಸ್ಸು ತುಂಬಾ ಜನ ಇದ್ರೂ ಎಲ್ರನ್ನೂ ಮಾತಾಡಿಸ್ತಾರೆ ಕಣೇ. ನಂಗೆ ಹುಷಾರಿಲ್ದಾಗ ಮಾತ್ರ ಬಾಯೇ ಬರಲ್ಲ ಅವ್ರಿಗೆ. ಸುಮ್ನೆ ಬಂದು ಕಾಲ ಹತ್ರ ಕೂತ್ಕೊತಾರೆ. ಮೊದ್ಲು ಕ್ವಾಪ ಬರೋದು. ಆಮೇಲಾಮೇಲೆ, ಕೂತ್ಕೊಂಡವ್ರೆ ಅಂದ್ರೆ ಸಾಕು, ನಿದ್ದೆ ಬರೋದು ನಂಗೆ’ ಅನ್ನೋರು.”

ನಾನು ರಸ್ತೆಯ ಕಡೆ ನೋಡುತ್ತಾ ಕೂತೆ. ಒಂದು ಬಸ್ಸು ಹೋಯಿತು, ಯಾವ ಊರಿನದೆಂದು ತಿಳಿಯಲಿಲ್ಲ. ಕಣ್ಣು ಒರೆಸಿಕೊಂಡು, ದನಿ ಸರಿ ಮಾಡಿಕೊಂಡು, “ಇನ್ನೇನು ಹೇಳ್ತಿದ್ಳು?” ಎಂದೆ.

ಚಲುವಮ್ಮ ಬಟ್ಟೆ ಪಕ್ಕಕ್ಕಿಟ್ಟು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ಬೇಕಾದಷ್ಟೈತೆ ಅಣ್ಣ. ಎಲ್ಲಿಂದ ಶುರು ಮಾಡ್ಲಿ?”